ಕತ್ತೆಗಿಂತ ದುಬಾರಿ ಚೀಲ: ಬಯಲಲ್ಲಿ ಮಲಗೋರ ಕಥೆ

ಇವತ್ತಿನ ಕಂತು ಶುರುವಾಗೋದು ಒಂದು ವಾಟ್ಸ್ಯಾಪ್ ಮೆಸೇಜಿನಿಂದ. ನನ್ನ ಚಿಕ್ಕಪ್ಪನ ಮಗ ಗ್ಲಾಸ್ಗೋದಲ್ಲಿ ಎಂ.ಎಸ್ಸಿ. ಓದ್ತಿದ್ದಾನೆ. ಹೋದ ವಾರ ಕೇಳಿದ: "ಅಣ್ಣಾ, ಇಲ್ಲಿ ಬೆಟ್ಟದಲ್ಲಿ ಒಂದು ರಾತ್ರಿ ಬಯಲಲ್ಲೇ ಮಲಗ್ಬೇಕು ಅಂತಿದೀನಿ. ಟೆಂಟ್ ಬೇಡ, ಬಿವಿ ಬ್ಯಾಗ್ ಸಾಕು. ಯಾವುದು ತಗೊಳ್ಲಿ? ಈ ಸಲ ಸರಿಯಾಗಿ ಹೇಳು."

ಆ "ಈ ಸಲ" ಅನ್ನೋ ಮಾತು ಚುಚ್ಚಿತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಬಿವಿ ಬ್ಯಾಗ್ ಅಂದ್ರೆ ಏನು? ದಿಂಬಿಗೆ ಗವಸು ಹಾಕ್ತೀವಲ್ಲ, ಹಾಗೇ ಸ್ಲೀಪಿಂಗ್ ಬ್ಯಾಗಿಗೆ ಹಾಕೋ ನೀರು ತಡೆಯೋ ಗವಸು. ಕಂಬ ಇಲ್ಲ, ಗೂಟ ಇಲ್ಲ. ಹೆಸರು ಬಂದಿದ್ದು 'ಬಿವಾಕ್' ಅನ್ನೋ ಫ್ರೆಂಚ್ ಪದದಿಂದ. ಅದರ ಮೂಲ ಸ್ವಿಟ್ಜರ್ಲೆಂಡ್ ಕಡೆಯ ಜರ್ಮನ್ ಭಾಷೆಯಲ್ಲಿದೆ, ಅರ್ಥ ರಾತ್ರಿಯ ಹೆಚ್ಚುವರಿ ಕಾವಲು. ಅಂದ್ರೆ ಮೊದಲಿಗೆ ಇದು ನಿದ್ದೆಯ ಪದವೇ ಅಲ್ಲ, ನಿದ್ದೆಗೆಡೋ ಪದ!

ಈಗ 1878ಕ್ಕೆ ಹೋಗೋಣ. ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಗಳು. ರಾಬರ್ಟ್ ಲೂಯಿ ಸ್ಟೀವನ್‌ಸನ್, ಆಗ ವಯಸ್ಸು 27. 'ಟ್ರೆಷರ್ ಐಲ್ಯಾಂಡ್' ಇನ್ನೂ ಬರೆದಿರಲಿಲ್ಲ. ಆರೋಗ್ಯ ಅಷ್ಟಕ್ಕಷ್ಟೇ. ಹನ್ನೆರಡು ದಿನ, ಸುಮಾರು 120 ಮೈಲಿ ನಡೆಯೋ ಪ್ಲಾನು. ಟೆಂಟ್ ಬೇಡ ಅಂದ. ಹಾಕೋದೂ ಕಷ್ಟ, ಬಿಚ್ಚೋದೂ ಕಷ್ಟ, ದೂರದಿಂದಲೇ ಎಲ್ಲರ ಕಣ್ಣಿಗೆ ಬೀಳುತ್ತೆ ಅನ್ನೋದು ಅವನ ವಾದ. ಬದಲಿಗೆ ಒಂದು ಚೀಲ ಹೊಲಿಸಿದ. ಹೊರಗೆ ಗಾಡಿಗೆ ಹೊದಿಸೋ ಹಸಿರು ಜಲನಿರೋಧಕ ಬಟ್ಟೆ, ಒಳಗೆ ನೀಲಿ ಬಣ್ಣದ ಕುರಿ ತುಪ್ಪಳ. ಹಗಲು ಸಾಮಾನು ಚೀಲ, ರಾತ್ರಿ ಹಾಸಿಗೆ.

ಒಂದೇ ಸಮಸ್ಯೆ, ಆ ಭಾರ ಹೊರೋಕೆ ಆಗ್ಲಿಲ್ಲ. ಅದಕ್ಕೇ ಒಂದು ಕತ್ತೆ ಕೊಂಡ. ಹೆಸರು ಮೊಡೆಸ್ಟೀನ್. ನಾನು ಬಿ.ಕಾಂ. ಮಾಡ್ದೋನು, ಲೆಕ್ಕ ನೋಡದೆ ಬಿಡಲ್ಲ. ಚೀಲಕ್ಕೆ 80 ಫ್ರಾಂಕ್, ಜೊತೆಗೆ ಎರಡು ಗ್ಲಾಸ್ ಬಿಯರ್. ಕತ್ತೆಗೆ 65 ಫ್ರಾಂಕ್, ಜೊತೆಗೆ ಒಂದು ಗ್ಲಾಸ್ ಬ್ರಾಂದಿ. ಚೀಲಕ್ಕಿಂತ ಕತ್ತೆಯೇ ಅಗ್ಗ! ಕೊನೆಗೆ ಕತ್ತೆಯನ್ನ ಜೀನು ಸಮೇತ 35 ಫ್ರಾಂಕಿಗೆ ಮಾರಿದ. ಹೆಚ್ಚಿನ ರಾತ್ರಿ ಮಲಗಿದ್ದು ಊರಿನ ವಸತಿಗೃಹಗಳಲ್ಲೇ, ಒಂದು ರಾತ್ರಿ ಮಠದಲ್ಲಿ. ಹಾಗಾದ್ರೆ ದುಡ್ಡು ದಂಡವಾ? ಇಲ್ಲ. ಒಂದು ಸಂಜೆ ದಾರಿ ತಪ್ಪಿತು. ಗಾಳಿ, ಮಳೆ, ಕತ್ತಲು. ಫೂಜಿಲಾಕ್ ಅನ್ನೋ ಹಳ್ಳೀಲಿ ಯಾರೂ ಹೊಸ್ತಿಲು ದಾಟಿ ಬಂದು ದಾರಿ ತೋರಿಸ್ಲಿಲ್ಲ. ಆ ರಾತ್ರಿ ಕಾಡಲ್ಲಿ ಅವನನ್ನ ಕಾಪಾಡಿದ್ದು ಅದೇ ಚೀಲ.

ಹಗುರ ಮಾಡೋ ಕೆಲಸ ನಡೆದಿದ್ದು ಪರ್ವತಾರೋಹಿಗಳ ಕೈಲಿ. 1930ರ ದಶಕದಲ್ಲಿ ಫ್ರಾನ್ಸಿನ ಪಿಯೇರ್ ಅಲೇನ್ ಒಂದು ಉಪಾಯ ಮಾಡಿದ. ಮೇಲ್ಮೈಗೆ ಹೇಗೂ ಹಕ್ಕಿ ಪುಕ್ಕದ ಜಾಕೆಟ್ ಇರುತ್ತಲ್ಲ, ಚೀಲ ಸೊಂಟದವರೆಗೆ ಸಾಕು ಅಂತ. ಆ ಅರ್ಧ ಚೀಲಕ್ಕೆ 'ಆನೆ ಕಾಲು' ಅಂತಲೇ ಹೆಸರು. 1935ರಲ್ಲಿ ಆಲ್ಪ್ಸ್‌ನ ಡ್ರು ಶಿಖರದ ಉತ್ತರ ಮುಖ ಮೊದಲ ಸಲ ಹತ್ತಿದವರಲ್ಲಿ ಇವನೂ ಒಬ್ಬ.

ಚೀಲವೇ ಇಲ್ಲದಿದ್ರೆ? 1953ರ ಜುಲೈ 3, ನಂಗಾ ಪರ್ಬತ್. ಹರ್ಮನ್ ಬೂಲ್ ಒಬ್ಬನೇ ತುದಿ ಮುಟ್ಟಿದಾಗ ಸಂಜೆ ಆಗಿತ್ತು. ಇಳಿಯೋಕೆ ಹೊತ್ತು ಸಾಲಲಿಲ್ಲ. ಸುಮಾರು 8000 ಮೀಟರ್ ಎತ್ತರದಲ್ಲಿ, ಇಕ್ಕಟ್ಟಾದ ಬಂಡೆ ಅಂಚಿನಲ್ಲಿ, ಇಡೀ ರಾತ್ರಿ ನಿಂತೇ ಕಳೆದ. ಟೆಂಟಿಲ್ಲ, ಚೀಲ ಇಲ್ಲ. ಅವತ್ತು ಗಾಳಿ ಬೀಸಲಿಲ್ಲ, ಬದುಕಿದ. ಹಿಮ ಕಚ್ಚಿ ಕಾಲ್ಬೆರಳು ಕಳ್ಕೊಂಡ.

ಈಗ ನನ್ನ ತಪ್ಪಿನ ಕಥೆ. ಎರಡು ವರ್ಷದ ಹಿಂದೆ, ಜನವರಿ. ಸಕಲೇಶಪುರದ ಹತ್ತಿರ ಗೆಳೆಯನ ಮನೆಯವರ ಕಾಫಿ ತೋಟ. ಅವರನ್ನ ಕೇಳಿಯೇ ಅಂಗಳದಲ್ಲಿ ಮಲಗಿದ್ವಿ. ಬೆಚ್ಚಗಿನ ಸ್ಲೀಪಿಂಗ್ ಬ್ಯಾಗ್ ನಾನಿಟ್ಕೊಂಡೆ. ತಮ್ಮನಿಗೆ ತೆಳು ರಗ್ಗು, ಅದರ ಮೇಲೆ ಆನ್‌ಲೈನಲ್ಲಿ ತರಿಸಿದ ಬೆಳ್ಳಿ ಬಣ್ಣದ ತುರ್ತು ಚೀಲ. ಯಾಕೆ? ಅಗ್ಗ ಇತ್ತು, ಹಗುರ ಇತ್ತು. ಸೊಳ್ಳೆ ಅಂತ ಅವನು ತಲೆವರೆಗೂ ಮುಚ್ಕೊಂಡ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದ. "ಅಣ್ಣಾ, ಒಳಗೆಲ್ಲಾ ನೀರು." ಮಳೆ ಇಲ್ಲ. ಆದ್ರೆ ರಗ್ಗು ಹಿಂಡೋ ಹಾಗಿತ್ತು, ಹಲ್ಲು ಕಟಕಟ ಅಂತಿತ್ತು. ಒಳಗೆ ಕರ್ಕೊಂಡು ಹೋಗಿ ಒಲೆ ಮುಂದೆ ಕೂರಿಸಿದ್ವಿ. ಚೀಲ ತೂತು ಅಂತ ನಾನು ಬೈದೆ. ತೂತು ಹುಡುಕಿದ್ರೆ ಒಂದೂ ಇರಲಿಲ್ಲ.

ತೂತು ಇರಲಿಲ್ಲ ಅನ್ನೋದೇ ಸಮಸ್ಯೆ! ಆ ನೀರು ಅವನದೇ ಉಸಿರು, ಅವನದೇ ಬೆವರು. ಹೊರಗೆ ಹೋಗೋಕೆ ದಾರಿ ಸಿಗದೆ ತಣ್ಣನೆ ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗಿತ್ತು. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆ ನಡುವೆ ರಬ್ಬರ್ ಹಚ್ಚಿ ರೇನ್‌ಕೋಟ್ ಬಟ್ಟೆಗೆ ಪೇಟೆಂಟ್ ತಗೊಂಡಾಗಲೂ ಇದೇ ತೊಡಕು. ಮಳೆ ಒಳಗೆ ಬರಲ್ಲ, ಬೆವರು ಹೊರಗೆ ಹೋಗಲ್ಲ. ಅಂದ ಹಾಗೆ ಮ್ಯಾಕಿಂಟಾಷ್ ಊರೂ ಗ್ಲಾಸ್ಗೋನೇ.

ಇದಕ್ಕೆ ಉತ್ತರ ಸಿಕ್ಕಿದ್ದು 1969ರಲ್ಲಿ. ಅಮೆರಿಕದ ಬಾಬ್ ಗೋರ್, ನಾನ್‌ಸ್ಟಿಕ್ ಕಾವಲಿಗೆ ಬಳಿಯೋ ಅದೇ ವಸ್ತುವಿನ ಕಡ್ಡಿಗಳನ್ನ ಕಾಯಿಸಿ ನಿಧಾನಕ್ಕೆ ಎಳೀತಿದ್ದ. ಎಲ್ಲಾ ಮುರೀತಿದ್ವು. ಬೇಸತ್ತು ಒಮ್ಮೆ ಜೋರಾಗಿ ಎಳೆದ. ಮುರಿಯೋ ಬದಲು ಅದು ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರಿನ ಹನಿ ತೂರೋಕಾಗಲ್ಲ, ಆವಿ ತೂರುತ್ತೆ. ಇದೇ ಗೋರ್-ಟೆಕ್ಸ್. 1976ರಲ್ಲಿ ಸಿಯಾಟಲ್‌ನ ಅರ್ಲಿ ವಿಂಟರ್ಸ್ ಕಂಪನಿ ಇದರ ಟೆಂಟ್ ಮಾರೋಕೆ ಶುರು ಮಾಡ್ತು. ಬಿವಿ ಬ್ಯಾಗಿಗೂ ಇಂಥದ್ದೇ ಬಟ್ಟೆ ಬಂತು. ಕತ್ತೆ ಹೊತ್ತ ಭಾರ ಅರ್ಧ ಕಿಲೋ ಆಸುಪಾಸಿಗೆ ಇಳೀತು.

ಆದ್ರೂ ಇದು ಮಂತ್ರದ ಬಟ್ಟೆ ಅಲ್ಲ. ಒಳಗೆ ಬಿಸಿ ಆವಿ, ಹೊರಗೆ ತಣ್ಣನೆ ಒಣ ಗಾಳಿ ಇದ್ರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ. ನಮ್ಮ ಮಲೆನಾಡಿನ ಜುಲೈ ತಿಂಗಳಲ್ಲಿ ಹೊರಗೂ ಅಷ್ಟೇ ಆವಿ, ಆಗ ಇದೂ ಸೋಲುತ್ತೆ.

ಹಾಗಾಗಿ ತಮ್ಮನಿಗೆ ಬರೆದಿದ್ದು ಇಷ್ಟು. ಒಂದು, ಬೆಳ್ಳಿ ಚೀಲ ಅಪಾಯ ಬಂದಾಗ ಜೀವ ಉಳಿಸೋಕೆ, ನಿದ್ದೆಗಲ್ಲ. ಎರಡು, ತೂಕ ಆಮೇಲೆ ನೋಡು, ಮೊದಲು ಒಳಗೆ ಮಲಗಿ ನೋಡು. ಬಿಗಿಯಾದ್ರೆ ಸ್ಲೀಪಿಂಗ್ ಬ್ಯಾಗಿನ ಪುಕ್ಕ ಅಮುಕಿ ಚಳಿ ಆಗುತ್ತೆ. ಮೂರು, ಮುಖದ ಹತ್ರ ಬಲೆ ಇರಲಿ. ಸ್ಕಾಟ್ಲೆಂಡಿನ ಬೇಸಿಗೇಲಿ 'ಮಿಜ್' ಅನ್ನೋ ನುಸಿ ಮುತ್ತುತ್ತೆ. ಬಲೆ ಇಲ್ಲದಿದ್ರೆ ಮತ್ತೆ ತಲೆ ಮುಚ್ಕೋತೀಯ. ಉಸಿರು ಹೊರಗೇ ಬಿಡು. ನಾಲ್ಕು, ಮೇಲೊಂದು ಸಣ್ಣ ಟಾರ್ಪಾಲ್ ಕಟ್ಟು.

ಕಾನೂನೂ ನೋಡ್ಕೋ ಅಂದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಹೆಚ್ಚಿನ ಬಯಲುಗಳಲ್ಲಿ ಹೀಗೆ ಮಲಗೋದು ಹಕ್ಕು. ಆದ್ರೆ ಗ್ಲಾಸ್ಗೋ ಹತ್ರದ ಲೋಮಂಡ್ ಸರೋವರದ ಕೆಲವು ದಡಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು.

ಕೊನೆಗೆ ಒಂದು ಸಾಲು ಸೇರಿಸಿದೆ: "ಅಗ್ಗದ್ದು ಹುಡುಕ್ಬೇಡ, ದುಡ್ಡು ನಾನು ಹಾಕ್ತೀನಿ." ಅವನ ಉತ್ತರ ತಕ್ಷಣ ಬಂತು: "ಕತ್ತೆಗೂ ಸೇರಿಸಿ ಹಾಕು ಅಣ್ಣಾ."