ಹಾಡಿನ ಕೊನೆಯ ಹೆಸರು

ಭಾನುವಾರದ ಬಿಡುವಿನಲ್ಲಿ ಕಲಬುರಗಿಯ ಸೆರಗಿನ ಕೋಟನೂರಿನಂಥ ಊರಿನಲ್ಲಿ ನಾಲ್ವರು ಗೆಳೆಯರು ಕೂಡಿ, ಏಕತಾರಿಯ ಶ್ರುತಿ ಹಿಡಿದು, ತತ್ತ್ವಪದಗಳನ್ನು ಹಾಡಿ ಧ್ವನಿಮುದ್ರಿಸಿಕೊಳ್ಳುವುದು ಇಂದು ಸುಲಭದ ಮಾತು. ನಡುವೆ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ, ಚಹಾ. ತಪ್ಪಿದರೆ ಮತ್ತೊಮ್ಮೆ ಹಾಡಿದರಾಯಿತು. ಈ ನಿರಾಳತೆ ಧ್ವನಿಮುದ್ರಣದ ಚರಿತ್ರೆಯಲ್ಲಿ ಮೊದಲಿನಿಂದ ಇದ್ದುದಲ್ಲ.

1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗೌಹರ್ ಜಾನ್ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಹಾಡಿದರು. ಸಂಜೆಯೆಲ್ಲ ಹರಡಬಲ್ಲ ರಾಗವನ್ನು ಸುಮಾರು ಮೂರು ನಿಮಿಷಗಳಲ್ಲಿ ಮುಗಿಸಬೇಕಿತ್ತು. ಮೇಣದ ಮೇಲೆ ಬಿದ್ದ ತಪ್ಪನ್ನು ತಿದ್ದುವಂತಿರಲಿಲ್ಲ. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ತಾವೇ ಸಾರಿದರು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಹಾಡಿದವರಾರೆಂದು ತಿಳಿಯಬೇಕಲ್ಲ! 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದ ಆಕೆ 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಈ ಉಪಾಯವನ್ನು ನಮ್ಮ ತತ್ತ್ವಪದಕಾರರು ಯಂತ್ರಕ್ಕೆ ಮುಂಚೆಯೇ ಬಲ್ಲವರಾಗಿದ್ದರು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಪದಗಳಲ್ಲಿ ಕೊನೆಯ ನುಡಿಯೇ ಅಂಕಿತದ ನೆಲೆ. ಬಾಯಿಂದ ಬಾಯಿಗೆ ಸಾಗಿಬಂದ ಪದಕ್ಕೆ ಕವಿಯ ಗುರುತು ಅದೊಂದೇ. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದಿತು. 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂದಿತು. ಈಗ ಯಂತ್ರವೇ ಕಿಸೆಯಲ್ಲಿದೆ. ಕಾಲದ ಕಟ್ಟು ಸಡಿಲಿತು, ಅವಸರ ಮಾತ್ರ ಉಳಿಯಿತು. ಹಾಡನ್ನು ನಡುವೆ ನಿಲ್ಲಿಸಿದರೆ ಮೊದಲು ಕಳೆದುಹೋಗುವುದು ಆ ಕೊನೆಯ ನುಡಿ. ಅದರೊಡನೆ ಕವಿಯೂ ಕಳೆದುಹೋಗುತ್ತಾನೆ.

ಆದುದರಿಂದ ಗೆಳೆಯರಲ್ಲಿ ಒಂದು ಬಿನ್ನಹ: ಚಹಾ ಆರಿದರೆ ಆರಲಿ, ಪದವನ್ನು ಅಂಕಿತದವರೆಗೆ ಹಾಡಿಸಿರಿ. ಆಮೇಲೆ, ಗೌಹರ್ ಜಾನರಂತೆ, ಹಾಡಿದವರ ಹೆಸರನ್ನೂ ಹೇಳಿಸಿರಿ.