ಊಟ ಸಿಕ್ಕಲ್ಲಿ ಓದು: ಕ್ಯಾತ್ಸಂದ್ರದ ವಿದ್ಯಾರ್ಥಿ ಬದುಕಿನ ಚರಿತ್ರೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹುಡುಗನೊಬ್ಬ ಏನು ಓದಬೇಕು ಎಂಬುದಕ್ಕಿಂತ ಎಲ್ಲಿ ಉಂಡು ಓದಬೇಕು ಎಂಬುದೇ ಬಹುಕಾಲ ಮೊದಲ ಪ್ರಶ್ನೆಯಾಗಿತ್ತು. ಶಾಲೆ ಉಚಿತವಾಗಿದ್ದರೂ ಊಟ ಉಚಿತವಾಗಿರಲಿಲ್ಲ. ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ, ಈಗ ತುಮಕೂರು ಮಹಾನಗರ ಪಾಲಿಕೆಗೆ ಸೇರಿದ ಕ್ಯಾತ್ಸಂದ್ರವನ್ನು ಇಂದಿನ ಪ್ರಯಾಣಿಕ ತಟ್ಟೆ ಇಡ್ಲಿಯಿಂದ ಗುರುತಿಸುತ್ತಾನೆ. ಓದಿನ ಚರಿತ್ರೆಯಲ್ಲಿ ಈ ಊರಿಗೆ ಸ್ಥಾನ ಸಿಕ್ಕಿದ್ದೂ ಊಟದಿಂದಲೇ. ಊರಿಗೆ ಅಂಟಿಕೊಂಡಿರುವ ಸಿದ್ಧಗಂಗೆಯ ಬೆಟ್ಟದ ಬುಡದಲ್ಲಿ ಉರಿದ ಒಲೆ, ಸುತ್ತಲಿನ ಜಿಲ್ಲೆಗಳ ಸಾವಿರಾರು ಹುಡುಗರು ಯಾವ ಪಾಠ ಓದಬೇಕು, ಬಿಡುವಿನಲ್ಲಿ ಏನು ಮಾಡಬೇಕು, ಯಾವುದನ್ನು ಗೆಲುವೆಂದು ಎಣಿಸಬೇಕು ಎಂಬುದನ್ನೆಲ್ಲ ನಿರ್ಧರಿಸಿತು.

ಸರ್ಕಾರಿ ಶಾಲೆಗಳು ಬರುವ ಮೊದಲು ಈ ಭಾಗದ ಹಳ್ಳಿಗಳಲ್ಲಿದ್ದುದು ಕೂಲಿಮಠ. ಗುಡಿಯ ಪಡಸಾಲೆಯಲ್ಲೋ ಅನುಕೂಲಸ್ಥರ ಮನೆಯ ಜಗಲಿಯಲ್ಲೋ ಐಗಳು ಹುಡುಗರನ್ನು ಕೂಡಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿಯನ್ನು ಬಾಯಿಪಾಠ ಮಾಡಿಸುವುದು ದಿನದ ಮುಖ್ಯ ಕೆಲಸ. ಮುಂದುವರಿದವರಿಗೆ ಅಮರಕೋಶ, ಸೋಮೇಶ್ವರ ಶತಕ, ಜೈಮಿನಿ ಭಾರತ. ತಪ್ಪಿದವರಿಗೆ ಕೋದಂಡ, ಅಂದರೆ ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತು ಬೀಳಿಸುವ ಶಿಕ್ಷೆ. ಆ ಕಾಲದ ಓದನ್ನು ಈಗ ಹಾಡಿ ಹೊಗಳುವವರು ಕೋದಂಡದ ಸುದ್ದಿ ಎತ್ತುವುದು ಕಡಿಮೆ.

ಕೂಲಿಮಠದ ವರ್ಷದಲ್ಲಿ ಹುಡುಗರು ಎದುರು ನೋಡುತ್ತಿದ್ದುದು ಮಹಾನವಮಿಯನ್ನು. ಆಗ ಅವರು ಕೋಲು ಹಿಡಿದು, ಚೌಪದ ಹೇಳಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಸಿಕ್ಕಿದ ಕಾಸು ಐಗಳಿಗೆ, ತಿಂಡಿ ಹುಡುಗರಿಗೆ. ಪದ್ಯ ತಪ್ಪದೆ ಹೇಳಿದವನಿಗೆ ಊರೆಲ್ಲ ಹೆಸರು. ಪರೀಕ್ಷೆ ಎಂಬ ಪದ್ಧತಿಯೇ ಇಲ್ಲದ ಕಾಲದಲ್ಲಿ ಹುಡುಗನ ಕಲಿಕೆ ಊರ ಕಿವಿಗೆ ಬೀಳುತ್ತಿದ್ದುದು ಹೀಗೆ. ಉಳಿದ ಆಟಗಳು ಋತುವನ್ನು ಅನುಸರಿಸುತ್ತಿದ್ದವು. ಸುಗ್ಗಿ ಮುಗಿದು ಹೊಲ ಬಯಲಾದಾಗ ಚಿನ್ನಿದಾಂಡು, ನೆಲ ಗಟ್ಟಿಯಾಗಿದ್ದಾಗ ಬುಗುರಿ ಮತ್ತು ಗೋಲಿ, ಆಷಾಢದ ಗಾಳಿಗೆ ಗಾಳಿಪಟ.

ಬಿ. ಎಲ್. ರೈಸ್ ಅವರು ವಿದ್ಯಾ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆ ಎಂಬ ಯೋಜನೆ ಬಂತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಈ ಎರಡೂ ಸೇರಿ ಓದಿನ ಭೂಗೋಳವನ್ನೇ ಬದಲಿಸಿದವು. ಪ್ರಾಥಮಿಕ ಓದು ಹೋಬಳಿಯಲ್ಲಿ, ಹೈಸ್ಕೂಲು ತುಮಕೂರಿನಲ್ಲಿ, ಕಾಲೇಜು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಥವಾ ಮೈಸೂರಿನಲ್ಲಿ ಎಂಬ ಮೆಟ್ಟಿಲುಗಳು ಗಟ್ಟಿಯಾದವು. ಮೆಟ್ಟಿಲು ಮೇಲೇರಿದಂತೆ ಮನೆ ದೂರವಾಗುತ್ತಿತ್ತು, ಮನೆಯ ಅಡುಗೆಯೂ ದೂರವಾಗುತ್ತಿತ್ತು.

ಈ ತೊಡಕಿಗೆ ಸಮಾಜ ಕಂಡುಕೊಂಡಿದ್ದ ಹಳೆಯ ಪರಿಹಾರ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಹೀಗೆ ಏಳು ಮನೆ ಗೊತ್ತುಮಾಡಿಕೊಂಡ ಹುಡುಗ ಪಟ್ಟಣದಲ್ಲಿ ಓದಬಹುದಿತ್ತು. ಆರೇ ಮನೆ ಸಿಕ್ಕಿದರೆ ವಾರದಲ್ಲಿ ಒಂದು ದಿನ ಉಪವಾಸ. ವಾರಾನ್ನ ಉಂಡು ದೊಡ್ಡವರಾದವರ ಕಥೆಗಳು ಕನ್ನಡದ ಆತ್ಮಕಥೆಗಳಲ್ಲಿ ಬೇಕಾದಷ್ಟಿವೆ. ಆದರೆ ಜಾತಿಯ ಚೌಕಟ್ಟು ದಾಟದ ಈ ಏರ್ಪಾಡು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಮಾತ್ರ ಒದಗಿತು. ರೈತರ ಮಕ್ಕಳಿಗೂ ಕುಶಲಕರ್ಮಿಗಳ ಮಕ್ಕಳಿಗೂ ಬೇರೆ ದಾರಿ ಬೇಕಿತ್ತು.

ಆ ದಾರಿಗಳಲ್ಲೊಂದನ್ನು ತೆರೆದವರು ಇದೇ ಜಿಲ್ಲೆಯ ಗುಬ್ಬಿಯವರು. ವ್ಯಾಪಾರಿ ಗುಬ್ಬಿ ತೋಟದಪ್ಪ (1838–1910) ಬೆಂಗಳೂರಿನಲ್ಲಿ ಗಳಿಸಿದ ಹಣದಿಂದ ಅಲ್ಲಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. 1903ರಲ್ಲಿ ಅದು ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಿಂದ ಉದ್ಘಾಟನೆಯಾಯಿತು. ಯಾತ್ರಿಕರಿಗೆ ತಂಗಲು ಜಾಗ ಕೊಟ್ಟ ಅದೇ ಧರ್ಮಸಂಸ್ಥೆ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನಡೆಸಿತು. ಇದೇ ಹೊತ್ತಿಗೆ ಲಿಂಗಾಯತರ ವಿದ್ಯಾನಿಧಿ ಸಂಸ್ಥೆ (1905), ಒಕ್ಕಲಿಗರ ಸಂಘ (1906) ಹುಟ್ಟಿ, ಜಾತಿಗೊಂದು ಹಾಸ್ಟೆಲ್ ಎಂಬ ಪದ್ಧತಿ ಮೈಸೂರು ಸಂಸ್ಥಾನದಲ್ಲಿ ಬೇರೂರಿತು. ಯಾರು ಕಾಲೇಜು ಮೆಟ್ಟಿಲು ಹತ್ತುತ್ತಾರೆ ಎಂಬುದನ್ನು ಅಂಕಗಳಿಗಿಂತ ಹೆಚ್ಚಾಗಿ ಈ ಹಾಸ್ಟೆಲುಗಳೇ ತೀರ್ಮಾನಿಸಿದವು.

ಕ್ಯಾತ್ಸಂದ್ರದ ದಾರಿ ಇದಕ್ಕಿಂತ ಸ್ವಲ್ಪ ಬೇರೆ. ಗೋಸಲ ಸಿದ್ಧೇಶ್ವರರ ಪರಂಪರೆಯ ಸಿದ್ಧಗಂಗಾ ಮಠದಲ್ಲಿ ಬಂದವರಿಗೆ ಅನ್ನವಿಡುವ ದಾಸೋಹ ಅಟವಿ ಶಿವಯೋಗಿಗಳ ಕಾಲಕ್ಕೆ ನೆಲೆಗೊಂಡಿತ್ತು. ಅವರು ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲವೆಂಬುದು ಮಠದವರ ನಂಬಿಕೆ. 1901ರಲ್ಲಿ ಅವರ ನಂತರ ಬಂದ ಉದ್ದಾನ ಶಿವಯೋಗಿಗಳು 1917ರಲ್ಲಿ ಇಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. ಮೊದಲೇ ಇದ್ದ ಅಡುಗೆಮನೆಗೆ ಶಾಲೆ ಬಂದು ಸೇರಿದ್ದು ಇಲ್ಲಿಯ ವಿಶೇಷ. ಬೇರೆಡೆ ಶಾಲೆ ಮೊದಲು, ಊಟದ ಚಿಂತೆ ಆಮೇಲೆ. ತುಮಕೂರಿನ ಹೈಸ್ಕೂಲಿಗೆ ಹೋಗುವ ಬಡ ಹುಡುಗರೂ ಮಠದಲ್ಲಿ ಉಳಿಯತೊಡಗಿದರು. ಸಂಸ್ಕೃತದ ಮೇಲೆ ವಿಶೇಷ ಒಲವಿಲ್ಲದವರೂ ಸಂಸ್ಕೃತ ಕಲಿತರು, ಏಕೆಂದರೆ ಊಟವಿದ್ದಲ್ಲಿ ಇದ್ದ ಪಾಠ ಅದು. ಹೀಗೆ ಕಲಿತವರಲ್ಲಿ ಅನೇಕರು ಮುಂದೆ ಶಾಲೆಗಳಲ್ಲಿ ಸಂಸ್ಕೃತ ಪಂಡಿತರಾಗಿ ಅದರಿಂದಲೇ ಜೀವನ ಮಾಡಿದರು.

ಹೀಗೆ ಬಂದ ಹುಡುಗರಲ್ಲಿ ಒಬ್ಬನ ಓದಿನ ದಾರಿ ಸ್ಪಷ್ಟವಾಗಿ ದಾಖಲಾಗಿದೆ. ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ 1907ರಲ್ಲಿ ಹುಟ್ಟಿದವನು, ಹೊನ್ನೇಗೌಡ–ಗಂಗಮ್ಮ ದಂಪತಿಯ ಹದಿಮೂರು ಮಕ್ಕಳಲ್ಲಿ ಕೊನೆಯವನು. ಅಕ್ಕನ ಊರಾದ ತುಮಕೂರು ಬಳಿಯ ನಾಗವಲ್ಲಿಯಲ್ಲಿದ್ದುಕೊಂಡು ಅಲ್ಲಿನ ಶಾಲೆಯಲ್ಲಿ ಓದಿದ. ನಂತರ ತುಮಕೂರಿನ ಸರ್ಕಾರಿ ಹೈಸ್ಕೂಲಿಗೆ ಸೇರಿ, ಕೆಲಕಾಲ ಸಿದ್ಧಗಂಗೆಯಲ್ಲಿ ಆಶ್ರಯ ಪಡೆದು, 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ. ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಐಚ್ಛಿಕ ವಿಷಯಗಳಾಗಿ ಭೌತಶಾಸ್ತ್ರ ಮತ್ತು ಗಣಿತ. ವಾಸ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ. ಅಕ್ಕನ ಮನೆ, ಮಠ, ಧರ್ಮದ ಹಾಸ್ಟೆಲು: ಆ ಪೀಳಿಗೆಯ ಹಳ್ಳಿಯ ಹುಡುಗನೊಬ್ಬನಿಗೆ ತೆರೆದಿದ್ದ ಮೂರೂ ಬಾಗಿಲುಗಳನ್ನು ಶಿವಣ್ಣ ದಾಟಿದ್ದ. 1930ರ ಜನವರಿಯಲ್ಲಿ ಮಠದ ಉತ್ತರಾಧಿಕಾರಿಯಾಗಿದ್ದ ಗೆಳೆಯ ಮರುಳಾರಾಧ್ಯರು ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದ ಶಿವಣ್ಣನನ್ನೇ ಉದ್ದಾನ ಶಿವಯೋಗಿಗಳು ಆ ಸ್ಥಾನಕ್ಕೆ ಆರಿಸಿದರು. ಪದವಿ ಅರ್ಧಕ್ಕೆ ನಿಂತಿತು. ಅದೇ ವರ್ಷ ಮಾರ್ಚ್ 3ರಂದು ವಿರಕ್ತಾಶ್ರಮ ಸ್ವೀಕರಿಸಿ ಅವರು ಶಿವಕುಮಾರ ಸ್ವಾಮಿಗಳಾದರು.

1941ರಲ್ಲಿ ಹಿರಿಯರು ಲಿಂಗೈಕ್ಯರಾದ ಮೇಲೆ ಮಠದ ಹೊಣೆ ಪೂರ್ತಿಯಾಗಿ ಅವರ ಮೇಲೆ ಬಿತ್ತು. ಎರಡನೆಯ ಮಹಾಯುದ್ಧದ ವರ್ಷಗಳವು. ಧಾನ್ಯದ ಅಭಾವ, ಪಡಿತರ. ಮಠಕ್ಕೆ ದೊಡ್ಡ ಆಸ್ತಿಯೇನೂ ಇರಲಿಲ್ಲ. ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋಗಿ, ಸುಗ್ಗಿಯಲ್ಲಿ ರೈತರು ಕೊಟ್ಟ ರಾಗಿ, ಭತ್ತ, ಅವರೆ, ತೆಂಗಿನಕಾಯಿ ತಂದು ಹುಡುಗರನ್ನು ಸಾಕಿದರು. ಬಾಗಿಲು ಎಲ್ಲ ಜಾತಿ, ಮತಗಳ ಮಕ್ಕಳಿಗೂ ತೆರೆದಿತ್ತು. ಸಂಸ್ಕೃತ ಪಾಠಶಾಲೆಯಲ್ಲಿ ಮುಸ್ಲಿಂ ಹುಡುಗರೂ ಓದಿದರು. ಜಾತಿ ಹಾಸ್ಟೆಲುಗಳ ನಾಡಿನಲ್ಲಿ ಕ್ಯಾತ್ಸಂದ್ರದ ನಿಜವಾದ ಹೆಚ್ಚುಗಾರಿಕೆ ಇದೇ ಎನ್ನಬೇಕು. ಮಕ್ಕಳ ಸಂಖ್ಯೆ ಆಮೇಲಿನ ಮಾತು. ಸಂಖ್ಯೆಯೂ ಸಣ್ಣದಲ್ಲ. ಈ ಶತಮಾನದ ಆರಂಭದ ಹೊತ್ತಿಗೆ ಐದರಿಂದ ಹದಿನಾರರ ವಯಸ್ಸಿನ ಒಂಬತ್ತು–ಹತ್ತು ಸಾವಿರ ಹುಡುಗರು ಒಂದೇ ಆವರಣದಲ್ಲಿ ಉಂಡು, ಮಲಗಿ, ಓದುತ್ತಿದ್ದರು.

ಇಷ್ಟು ಮಕ್ಕಳ ದಿನಚರಿ ಗಂಟೆಯ ಶಿಸ್ತಿಗೆ ಒಳಪಟ್ಟದ್ದು. ನಸುಕಿನಲ್ಲಿ ಏಳುವುದು, ಸ್ನಾನ, ಪ್ರಾರ್ಥನೆ, ಓದು, ತಿಂಡಿ, ಶಾಲೆ. ಸಂಜೆ ಮತ್ತೆ ಸಾಮೂಹಿಕ ಪ್ರಾರ್ಥನೆ, ಓದು. ಪ್ರತಿಯೊಬ್ಬನಿಗೂ ಒಂದು ಟ್ರಂಕು. ಅದೇ ಬೀರು, ಅದೇ ಮೇಜು. ಪರೀಕ್ಷೆಯ ದಿನಗಳಲ್ಲಿ ಬೆಟ್ಟದ ಬಂಡೆ, ಮರದ ನೆರಳುಗಳೆಲ್ಲ ಓದುವ ಕೋಣೆಯಾಗುತ್ತಿದ್ದವು. ಬಡಿಸುವುದು, ಗುಡಿಸುವುದು ಮುಂತಾದ ಕೆಲಸಗಳಲ್ಲಿ ಮಕ್ಕಳಿಗೂ ಪಾಲು. ಮುದ್ದೆ, ಅನ್ನ, ಸಾರಿನ ಊಟದಲ್ಲಿ ಊರಿನವರಿಗೂ ಹೊರಗಿನವರಿಗೂ ಭೇದವಿಲ್ಲ.

ಇಂಥ ದಿನಚರಿಯಲ್ಲಿ ಹವ್ಯಾಸಕ್ಕೆ ಜಾಗ ಕಡಿಮೆ. ಇದ್ದಷ್ಟು ಜಾಗದಲ್ಲಿ ಬೆಳೆದವು ಗುಂಪಿನ ಹವ್ಯಾಸಗಳು, ಕಾಸು ಬೇಡದಂಥವು: ಕಬಡ್ಡಿ, ಖೊ ಖೊ, ವಚನಗಾಯನ, ಭಾಷಣ. ಅಂಚೆಚೀಟಿ ಕೂಡಿಡುವುದು, ಕೇರಂ ಆಡುವುದು ತುಮಕೂರಿನ ಮನೆಯ ಹುಡುಗರಿಗೆ ಒದಗಿದ ವಿಲಾಸಗಳು. ನಾಟಕದ ಗೀಳು ಮಾತ್ರ ಇಡೀ ಜಿಲ್ಲೆಗೆ ಸಮನಾಗಿ ಹಂಚಿಕೆಯಾಗಿತ್ತು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘಕ್ಕೆ ವೀರಣ್ಣನವರು ಸೇರಿದ್ದು ಬಾಲಕರಾಗಿದ್ದಾಗ. ಆಟದ ವಯಸ್ಸಿನಲ್ಲಿ ಹತ್ತಿದ ರಂಗ ಅವರಿಗೆ ಬದುಕೇ ಆಯಿತು. ಆ ಕಂಪನಿಯ ನಾಟಕ ನೋಡಿದ ಊರುಗಳಲ್ಲಿ ಮೇಷ್ಟರು, ಹುಡುಗರು ಕೂಡಿ ಬಯಲಲ್ಲಿ ನಾಟಕ ಕಟ್ಟುವುದು ವಾಡಿಕೆಯಾಯಿತು.

ಹುಡುಗರ ವರ್ಷದ ಮುಖ್ಯ ಘಟನೆ ಶಿವರಾತ್ರಿಯ ಜಾತ್ರೆ. ಸಿದ್ಧಗಂಗೆಯ ಜಾತ್ರೆಗೆ ತೇರಿನ ಜೊತೆಗೆ ದನಗಳ ಪರಿಷೆಯೂ ಕೂಡಿಕೊಂಡಿದೆ. ಹಳ್ಳಿಕಾರ್ ಎತ್ತುಗಳ ಜೋಡಿಗಳು ಚಪ್ಪರದಡಿ ನಿಲ್ಲುತ್ತವೆ. ಉತ್ತಮ ರಾಸುಗಳಿಗೆ ಬಹುಮಾನ ಉಂಟು. ಇದಕ್ಕೆ ಸೇರಿಕೊಂಡ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ದಶಕಗಳಿಂದ ನಡೆಯುತ್ತಿದೆ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಹೊಸ ತಳಿಯ ರಾಗಿ, ಆರೋಗ್ಯ ಇಲಾಖೆಯ ಚಿತ್ರಪಟಗಳನ್ನು ಹಳ್ಳಿಯ ಹುಡುಗರು ಮೊದಲು ಕಂಡದ್ದು ಇಂಥ ಮಳಿಗೆಗಳಲ್ಲಿ. ವಿಜ್ಞಾನದ ಪ್ರಯೋಗಾಲಯ ಕಾಣದ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕಕ್ಕಿಂತ ಈ ಪ್ರದರ್ಶನ ಹೆಚ್ಚು ಕಲಿಸಿದ್ದರೆ ಆಶ್ಚರ್ಯವಿಲ್ಲ.

ಗೆಲುವುಗಳ ಲೆಕ್ಕವೂ ಕಾಲಕಾಲಕ್ಕೆ ಬದಲಾಯಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಲೋಯರ್ ಸೆಕೆಂಡರಿ ಪಾಸಾದವನೇ ಹಳ್ಳಿಗೆ ದೊಡ್ಡವನು; ಅಷ್ಟು ಓದಿಗೇ ಮೇಷ್ಟರ ಕೆಲಸ ಸಿಗುತ್ತಿತ್ತು. ಮುಂದೆ ಆ ಮರ್ಯಾದೆ ಎಸ್ಸೆಸ್ಸೆಲ್ಸಿಗೆ ಹೋಯಿತು. ಸಂಸ್ಕೃತ ಪಾಠಶಾಲೆಯ ಹುಡುಗನಿಗೆ ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಎಂಬ ಬೇರೆಯೇ ಏಣಿ. ಇವುಗಳ ನಡುವೆ ಸಣ್ಣ ಪರೀಕ್ಷೆಗಳ ದೊಡ್ಡ ಲೋಕವೊಂದಿತ್ತು. ಡ್ರಾಯಿಂಗ್‌ನ ಲೋಯರ್ ಮತ್ತು ಹೈಯರ್, ಹಿಂದಿಯ ಪ್ರಥಮಾ ಮತ್ತು ಮಧ್ಯಮಾ, ಟೈಪಿಂಗ್‌ನ ಜೂನಿಯರ್ ಮತ್ತು ಸೀನಿಯರ್. ಬೇಸಿಗೆ ರಜೆಯಲ್ಲಿ ತುಮಕೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ಪಳಗಿಸಿದ ಹುಡುಗನಿಗೆ ಆ ಒಂದು ಸರ್ಟಿಫಿಕೇಟೇ ಗುಮಾಸ್ತಿಕೆಯ ರಹದಾರಿ. ಹವ್ಯಾಸವಾಗಿ ಹಿಡಿದದ್ದು ಅನ್ನಕ್ಕೆ ದಾರಿಯಾದದ್ದು ಹೆಚ್ಚಾಗಿ ಇಂಥ ಪರೀಕ್ಷೆಗಳಿಂದ. ಚರಿತ್ರೆ ಬರೆಯುವವರು ಇವನ್ನು ಗಮನಿಸಿದ್ದು ಕಡಿಮೆ.

ಹತ್ತನೆಯ ತರಗತಿಯ ನಂತರದ ಆಯ್ಕೆಗಳು ಸ್ವಾತಂತ್ರ್ಯಾನಂತರ ಹಿಗ್ಗಿದವು. ಹಳ್ಳಿಯ ಮನೆಗಳು ಬಹುಕಾಲ ನಂಬಿದ್ದು ಟಿಸಿಎಚ್ ಅನ್ನು. ಓದು ಬೇಗ ಮುಗಿದು, ಸರ್ಕಾರಿ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಗುತ್ತದೆಂಬ ಲೆಕ್ಕ. ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂದ ಮೇಲೆ ಐಟಿಐ ಓದಿಗೆ ಬೆಲೆ ಬಂತು. 2016ರಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೆರೆ ಬಿತ್ತು. ಮಠವೇ 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ತೆರೆದಿತ್ತು. ಸಂಸ್ಕೃತದಿಂದ ಶುರುವಾದ ಸಂಸ್ಥೆ ಎಂಜಿನಿಯರಿಂಗಿಗೆ ಬರಲು ಹಿಡಿದದ್ದು 46 ವರ್ಷ. 1994ರಲ್ಲಿ ಸಿಇಟಿ ಬಂದ ಮೇಲೆ ಸೀಟು ಎಂಬ ಪದ ಮನೆಮನೆಯ ಮಾತಾಯಿತು. ರ‍್ಯಾಂಕು ಹೊಸ ಗೆಲುವಾಯಿತು. ಪಿಯುಸಿಯಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂಬ ತೀರ್ಮಾನ ಹದಿನಾರರ ವಯಸ್ಸಿನ ಮೇಲೆ ಹೊರಲಾರದ ಭಾರ ಹೇರಿತು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಎಂ.ಎ. ಓದಲು ಊರು ಬಿಡುವ ಅಗತ್ಯವೂ ತಪ್ಪಿತು.

ಈ ಚರಿತ್ರೆಯಲ್ಲಿ ಹುಡುಗಿಯರ ಭಾಗ ತೆಳು, ಅದಕ್ಕೆ ಕಾರಣ ಸ್ಪಷ್ಟ. ವಾರಾನ್ನ, ಛತ್ರದ ನಿಲಯ, ಮಠದ ನಿಲಯ ಎಲ್ಲವೂ ಗಂಡುಮಕ್ಕಳಿಗಾಗಿ ಹುಟ್ಟಿದವು. ಊರು ಬಿಟ್ಟು ಓದುವ ಅವಕಾಶ ಹುಡುಗಿಯರಿಗೆ ತಡವಾಗಿ, ಸರ್ಕಾರಿ ಹಾಸ್ಟೆಲುಗಳು ಮತ್ತು ಬಸ್ಸಿನ ಪಾಸು ಬಂದ ಮೇಲೆ ದೊರೆಯಿತು. ಅಲ್ಲಿಯವರೆಗೆ ಊರಿನ ಶಾಲೆ ಎಲ್ಲಿಗೆ ನಿಲ್ಲುತ್ತಿತ್ತೋ ಹುಡುಗಿಯ ಓದೂ ಅಲ್ಲಿಗೇ ನಿಲ್ಲುತ್ತಿತ್ತು.

ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ವಿದ್ಯಾರ್ಥಿನಿಲಯ ಮುಂದುವರಿದಿದೆ. ಬೇಸಿಗೆಯ ಕೊನೆಗೆ ಮಕ್ಕಳ ಕೈ ಹಿಡಿದು ದಾಖಲಾತಿಗೆ ಬರುವ ತಂದೆತಾಯಿಯರ ಸಾಲು ಈಗಲೂ ಉದ್ದವೇ. ಊಟವನ್ನೂ ಓದನ್ನೂ ಒಟ್ಟಿಗೆ ಕೊಡುವ ಕೆಲಸಕ್ಕೆ ಸರ್ಕಾರವೂ ಕೈಹಾಕಿದ್ದು ತಡವಾಗಿ. ಕರ್ನಾಟಕದ ಬಿಸಿಯೂಟ ಯೋಜನೆ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ತುಮಕೂರೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಬಂತು. ಅಕ್ಷರ ದಾಸೋಹ ಎಂಬ ಹೆಸರಿನ ಆ ಯೋಜನೆಯಲ್ಲಿ ಮಧ್ಯಾಹ್ನದ ಊಟ ಹುಡುಗಿಯರಿಗೂ ಉಂಟು.