ಕಡಂಗದ ಬಾಗಿಲು

ನಮ್ಮ ಶಾಲೆಯ ಹಿಂದಿನ ಕಾಫಿ ತೋಟದೊಳಗೆ ಒಂದು ಕಡಂಗ ಹಾದುಹೋಗಿದೆ. ಹೊರಗಿನವರಿಗೆ ತೋರಿಸಿದರೆ 'ಇದೇನು, ಮಳೆನೀರಿನ ಚರಂಡಿಯೇ?' ಎಂದು ಕೇಳುತ್ತಾರೆ. ಅವರದೇನೂ ತಪ್ಪಿಲ್ಲ. ತರಗೆಲೆ ತುಂಬಿ, ದಂಡೆ ಕುಸಿದು, ಜೀಪು ಹೋಗಲೆಂದು ತೋಟದವರು ಎರಡು ಕಡೆ ಕಡಿದು ಮಟ್ಟ ಮಾಡಿದ ಮೇಲೆ ಅದು ಚರಂಡಿಯ ಹಾಗೆಯೇ ಕಾಣುತ್ತದೆ. ಆದರೆ ಬ್ರಿಟಿಷರ ಕಾಲದ ಬರಹಗಳನ್ನು ತೆರೆದರೆ, ಕೊಡಗಿನ ಕಡಂಗಗಳ ಮಣ್ಣಿನ ದಿಬ್ಬ 15ರಿಂದ 25 ಅಡಿ ಎತ್ತರ, ಅದರ ಮುಂದಿನ ಕಂದಕ 10 ಅಡಿ ಆಳ, 8ರಿಂದ 10 ಅಡಿ ಅಗಲ, ಎಲ್ಲ ಸೇರಿಸಿದರೆ 500ರಿಂದ 600 ಮೈಲಿ ಉದ್ದ ಎಂದು ಲೆಕ್ಕ ಸಿಗುತ್ತದೆ. ಒಂಬತ್ತು, ಹತ್ತನೆಯ ಶತಮಾನದ ಶಾಸನಗಳಲ್ಲಿಯೇ ಅವುಗಳ ಪ್ರಸ್ತಾಪವಿದೆಯಂತೆ. ಇಷ್ಟು ಮಣ್ಣನ್ನು ಈ ಮಳೆಯ ನಾಡಿನಲ್ಲಿ ಕೈಯಿಂದ ಅಗೆದು ಏರಿಸಿದವರ ರಟ್ಟೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ಬೆರಗಾಗುತ್ತದೆ.

ಈ ಕಡಂಗಕ್ಕೂ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿಗೂ ಗಂಟು ಬಿದ್ದದ್ದು 2017ರಲ್ಲಿ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆಲ್ಲ ಟಾಲ್ಪ್ ತರಬೇತಿ ಎಂದು ನಡೆಯುತ್ತಿದ್ದ ಕಾಲ ಅದು. ನಾವೂ ಒಂದಷ್ಟು ಮಂದಿ ಕೂಡಿಗೆಯ ಡಯಟ್‌ನಲ್ಲಿ ಕುಳಿತು ಉಬುಂಟು ಎಂಬ ಲಿನಕ್ಸ್ ಕಲಿತೆವು. ಸಮಾಜ ವಿಜ್ಞಾನದ ನನಗೆ ಮೌಸ್ ಹಿಡಿಯುವುದೇ ಒಂದು ಸರ್ಕಸ್ಸು. ಸಂಪನ್ಮೂಲ ವ್ಯಕ್ತಿಗಳು 'ಫೈರ್‌ವಾಲ್ ಅಂದರೆ ಏನು, ಯಾರಾದರೂ ಹೇಳಿ' ಎಂದಾಗ ನಾನು ಸುಮ್ಮನಿರಲಾರದೆ 'ಕಡಂಗ ಸಾರ್' ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. 'ಮತ್ತೆ ಬಾಗಿಲು ಎಲ್ಲಿ ಮೇಡಂ?' ಎಂದು ಕೇಳಿದರು.

ಬಾಗಿಲು ಇರಲೇಬೇಕಲ್ಲ. ಹಾಲೇರಿ ಅರಸರ ಕಾಲದಲ್ಲಿ ದಾರಿ ನಾಡಿನೊಳಗೆ ಬರುವಲ್ಲಿ ಉಕ್ಕಡ ಇರುತ್ತಿತ್ತು. ಅಲ್ಲಿ ಕಾವಲಿನವರು ನಿಂತು ಬರುವವರನ್ನು ವಿಚಾರಿಸಿ ಬಿಡುತ್ತಿದ್ದರು. ಕಂಪ್ಯೂಟರಿನಲ್ಲಿಯೂ ಹೀಗೆಯೇ. ಅದಕ್ಕೆ ಪೋರ್ಟ್ ಎಂಬ 65 ಸಾವಿರಕ್ಕೂ ಮಿಕ್ಕಿದ ಅಂಕಿತ ಬಾಗಿಲುಗಳಿವೆ. ದೂರದಿಂದ ಒಳಹೊಕ್ಕು ಕೆಲಸ ಮಾಡುವ ಎಸ್‌ಎಸ್‌ಎಚ್‌ಗೆ 22, ವೆಬ್ ಪುಟಗಳಿಗೆ 80 ಮತ್ತು 443. ಯಾವ ಬಾಗಿಲಿಗೆ ಯಾರು ಬಂದರೆ ಬಿಡಬೇಕು, ಯಾರನ್ನು ಹಿಂದಕ್ಕಟ್ಟಬೇಕು ಎಂಬ ಪಟ್ಟಿ ಹಿಡಿದು ನಿಂತವನೇ ಫೈರ್‌ವಾಲ್.

ತರಬೇತಿ ಮುಗಿದ ಮೇಲೆ ನನಗೆ ಇದರ ಚರಿತ್ರೆ ತಿಳಿಯುವ ಹುಚ್ಚು ಹಿಡಿಯಿತು. ಮೇಷ್ಟರ ಜಾತಿಯವರ ಚಾಳಿ ಅದು. ಇಸವಿ ಸಿಕ್ಕದೆ ನಮಗೆ ಯಾವುದೂ ನಂಬಿಕೆ ಬರುವುದಿಲ್ಲ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬಾತ ತಾನೇ ಹರಡಿಕೊಳ್ಳುವ ಒಂದು ಪುಟ್ಟ ಪ್ರೋಗ್ರಾಮನ್ನು ಅಂತರ್ಜಾಲಕ್ಕೆ ಬಿಟ್ಟ. ಸುಮಾರು 6,000 ಯಂತ್ರಗಳು ಅದರ ಭಾರಕ್ಕೆ ಕುಸಿದವೆಂದು ಅಂದಾಜು. ಅದು ಒಳಹೊಕ್ಕದ್ದು ಯಾವ ಮಹಾ ಮಂತ್ರದಿಂದಲೂ ಅಲ್ಲ. ತಂತ್ರಾಂಶಗಳಲ್ಲಿ ಮುಚ್ಚದೆ ಉಳಿದ ಬಿರುಕುಗಳು ಕೆಲವು, ಜನ ಇಟ್ಟುಕೊಂಡ ಸಸಾರದ ಪಾಸ್‌ವರ್ಡ್‌ಗಳು ಕೆಲವು. ಈ ಎರಡನೆಯದನ್ನು ನಾನು ಓದಿ, ಗೆರೆ ಎಳೆದು, ಮರೆತೇ ಬಿಟ್ಟೆ.

ಲಿನಕ್ಸ್ ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ, 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗನ ಕೈಯಲ್ಲಿ. ಮೊದಲಿಗೆ ಅದಕ್ಕೆ ಕಾವಲುಗಾರನೇ ಇರಲಿಲ್ಲ. 1994ರಲ್ಲಿ ಅಲನ್ ಕಾಕ್ಸ್ ಎಂಬವರು ಬೇರೆ ವ್ಯವಸ್ಥೆಯೊಂದರಿಂದ ಸೋಸುವ ವಿದ್ಯೆಯನ್ನು ತಂದು ಜೋಡಿಸಿದರು. ಆಮೇಲೆ ಆಸ್ಟ್ರೇಲಿಯದ ರಸ್ಟಿ ರಸೆಲ್ ಮತ್ತು ಅವರ ಜೊತೆಗಾರರು ಅದನ್ನು ಬುಡದಿಂದ ಹೊಸದಾಗಿ ಕಟ್ಟಿ, 2001ರಲ್ಲಿ ಐಪಿಟೇಬಲ್ಸ್ ಎಂದು ಕೊಟ್ಟರು. ಅದರ ಸೂತ್ರಗಳು ಪಾಣಿನಿಯ ಸೂತ್ರಗಳಿಗಿಂತ ಕಠಿಣ. ನಮ್ಮಂಥವರ ಪುಣ್ಯಕ್ಕೆ 2008ರ ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಸರಳ ರೂಪ ಬಂತು. ಒಂದು ಸಾಲು ಬರೆದರೆ ಸಾಕು, ಒಳಬರುವ ಬಾಗಿಲೆಲ್ಲ ಮುಚ್ಚುತ್ತದೆ. ಆದರೆ ಒಂದು ಮಾತು: ಅದು ಯಂತ್ರದಲ್ಲಿ ಇರುತ್ತದೆಯೇ ಹೊರತು ತಾನಾಗಿ ಏಳುವುದಿಲ್ಲ. ನಾವೇ ಎಬ್ಬಿಸಬೇಕು.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಪ್ಯಾಕೇಜುಗಳ ವ್ಯವಸ್ಥೆ. ನಮ್ಮ ಕಡೆ ರಸ್ತೆ ಬದಿಯಲ್ಲಿ ಬಾಟಲಿಗಳಲ್ಲಿ ಜೇನು ಮಾರುತ್ತಾರೆ. ಅದರಲ್ಲಿ ಜೇನೆಷ್ಟು, ಬೆಲ್ಲದ ಪಾಕವೆಷ್ಟು ಎಂದು ದೇವರಿಗೇ ಗೊತ್ತು. ಜೇನು ಸಹಕಾರ ಸಂಘದ ಬಾಟಲಿಗಾದರೆ ಒಂದು ಮೊಹರು ಇರುತ್ತದೆ. 1990ರ ದಶಕದ ಮೊದಲಿಗೆ ಲಿನಕ್ಸ್ ಬಳಸುವವರ ಪಾಡು ರಸ್ತೆ ಬದಿಯ ಜೇನಿನದೇ. ಬೇಕಾದ ತಂತ್ರಾಂಶವನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು, ಅದಕ್ಕೆ ಬೇಕಾದ ಇನ್ನೊಂದನ್ನು, ಆ ಇನ್ನೊಂದಕ್ಕೆ ಬೇಕಾದ ಮತ್ತೊಂದನ್ನು ಕೈಯಾರೆ ಕೂಡಿಸಬೇಕು. ನಮ್ಮ ದೇಶದಲ್ಲಿ ಪಿಸಿಕ್ವೆಸ್ಟ್ ಮಾಸಪತ್ರಿಕೆ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿ.ಡಿ. ಕೊಡತೊಡಗಿದ್ದು ಆಮೇಲೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಬಳಗದವರು ಎಲ್ಲವನ್ನೂ ಒಂದೇ ಉಗ್ರಾಣಕ್ಕೆ ತಂದು ಜೋಡಿಸಿದರು. 1999ರ ಆವೃತ್ತಿಯಲ್ಲಿ ಬಂದ ಆಪ್ಟ್ ಎಂಬ ಉಪಕರಣಕ್ಕೆ ಬೇಕಾದ್ದರ ಹೆಸರು ಹೇಳಿದರೆ ಅದರ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬರುತ್ತಿತ್ತು. 2007ರ ಆವೃತ್ತಿಯಿಂದ ಉಗ್ರಾಣದ ಸಹಿಯನ್ನು ತಾನೇ ಪರೀಕ್ಷಿಸತೊಡಗಿತು. ಮೊಹರು ಕೂಡದಿದ್ದರೆ ಎಚ್ಚರಿಸುತ್ತದೆ. ನಮ್ಮ ಉಬುಂಟು ನಿಂತಿರುವುದೂ ಈ ಡೆಬಿಯನ್ನಿನ ಬುನಾದಿಯ ಮೇಲೆಯೇ.

ಇಷ್ಟೆಲ್ಲ ತಿಳಿದವಳ ಲ್ಯಾಬು ಹೇಗಿತ್ತು ಎಂದು ನೀವು ಕೇಳಬಹುದು. ಹೇಳುತ್ತೇನೆ.

ಲ್ಯಾಬಿನಲ್ಲಿದ್ದದ್ದು 2014ರ ಏಪ್ರಿಲ್‌ನ ಉಬುಂಟು. ಅದಕ್ಕೆ ಐದು ವರ್ಷ ತೇಪೆ ಹಾಕಿಕೊಡುವುದಾಗಿ ತಯಾರಕರು ಮೊದಲೇ ಹೇಳಿದ್ದರು. 2019ರ ಏಪ್ರಿಲ್‌ಗೆ ಆ ಗಡುವು ಮುಗಿಯಿತು. ಇದ್ದ ಐದು ವರ್ಷದಲ್ಲಿ ನಾವು ತೇಪೆ ಪಡೆದದ್ದೂ ಅಷ್ಟಕ್ಕಷ್ಟೆ. ಬ್ರಾಡ್‌ಬ್ಯಾಂಡ್ ಬಂದರೆ ಕರೆಂಟ್ ಇಲ್ಲ, ಕರೆಂಟ್ ಬಂದರೆ ಮರ ಬಿದ್ದು ತಂತಿ ತುಂಡಾಗಿರುತ್ತದೆ. 2018ರ ಜುಲೈಯಲ್ಲಿ ಒಮ್ಮೆ ನಾನೇ ಧೈರ್ಯ ಮಾಡಿ ಅಪ್‌ಡೇಟ್ ಒತ್ತಿದೆ. ಅರ್ಧದಲ್ಲಿ ಕರೆಂಟ್ ಹೋಯಿತು. ಮತ್ತೆ ಯಂತ್ರ ಎದ್ದಾಗ 'ಡಿಪಿಕೆಜಿಗೆ ಅಡ್ಡಿಯಾಗಿದೆ, ಸರಿಪಡಿಸಿ' ಎಂದು ಹಠ ಹಿಡಿದು ಕುಳಿತಿತು. ಅದಕ್ಕೆ ಒಂದೇ ಒಂದು ಸಾಲಿನ ಮದ್ದಿದೆ. 'ಅರ್ಧಕ್ಕೆ ನಿಂತದ್ದನ್ನೆಲ್ಲ ಜೋಡಿಸಿ ಮುಗಿಸು' ಎಂದು ಡಿಪಿಕೆಜಿಗೇ ಹೇಳುವುದು. ಆಗ ನನಗದು ತಿಳಿದಿರಲಿಲ್ಲ. ಕೆಡಿಸಿದೆನೆಂದು ಹೆದರಿ ಬಾಗಿಲು ಹಾಕಿಕೊಂಡು ಬಂದೆ. ಮುಂದಿನ ತಿಂಗಳು ಗುಡ್ಡಗಳೇ ಕುಸಿದವು. ಕಂಪ್ಯೂಟರಿನ ಚಿಂತೆ ಯಾರಿಗಿತ್ತು? ಅಲ್ಲದೆ 'ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಮೇಡಂ' ಎಂಬ ಮಾತನ್ನು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಆ ಯಂತ್ರದಲ್ಲಿ ನಮ್ಮದೊಂದು ಆಸ್ತಿ ಇತ್ತು. ಒಂಬತ್ತನೆಯ ತರಗತಿಯ ಮಕ್ಕಳು ಎರಡು ವರ್ಷ ಊರೂರು ತಿರುಗಿ, ಕಡಂಗದ ಬಗ್ಗೆ ಹಿರಿಯರು ಹೇಳಿದ್ದನ್ನು ಬರೆದುಕೊಂಡು ಬಂದು ಕನ್ನಡದಲ್ಲಿ ಟೈಪು ಮಾಡಿದ್ದರು. ಒಟ್ಟು 23 ಬರಹ. ಅದರಲ್ಲಿ ಒಂದು ತೊಂಬತ್ತರ ಸಮೀಪದ ಒಬ್ಬ ಅಜ್ಜನದು. ಅವರು ಕೋಲೂರಿಕೊಂಡು ಮಕ್ಕಳೊಂದಿಗೆ ತೋಟಕ್ಕೆ ಬಂದು, ಹಿಂದೆ ಉಕ್ಕಡ ಇದ್ದ ಜಾಗವೆಂದು ಒಂದು ಮಟ್ಟಸ ನೆಲ ತೋರಿಸಿ, ಆ ಬಾಗಿಲಿಗೆ ಊರವರು ಇಟ್ಟಿದ್ದ ಹೆಸರನ್ನೂ ಹೇಳಿದ್ದರು.

2020ರಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಮರಳಿದ್ದ. 'ಲ್ಯಾಬಿನ ಕಂಪ್ಯೂಟರನ್ನು ಮನೆಯಿಂದಲೇ ನೋಡಿಕೊಳ್ಳುವ ಹಾಗೆ ಮಾಡುತ್ತೇನೆ ಮೇಡಂ, ಪಾಠಗಳನ್ನೂ ಅಲ್ಲೇ ಇಡಬಹುದು' ಎಂದು ಎಸ್‌ಎಸ್‌ಎಚ್ ಹಾಕಿ, ರೂಟರಿನಲ್ಲಿಯೂ 22ರ ಬಾಗಿಲು ತೆರೆದುಕೊಟ್ಟ. 'ಗಟ್ಟಿ ಪಾಸ್‌ವರ್ಡ್ ಇಡಿ' ಎಂದ. ನಾನು ಶಾಲೆಯ ಹೆಸರಿನ ಮುಂದೆ 123 ಸೇರಿಸಿದೆ. ಮರೆತುಹೋಗಬಾರದಲ್ಲ!

2021ರ ಫೆಬ್ರವರಿಯಲ್ಲಿ ಆ ಯಂತ್ರದ ಫ್ಯಾನು ಹಗಲಿರುಳು ಭೋರೆನ್ನತೊಡಗಿತು. ಒಂದು ಅಕ್ಷರ ಒತ್ತಿದರೆ ಪರದೆಗೆ ಬರಲು ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತು. ಹುಡುಗ ಬಂದು ಕುಳಿತು ದಾಖಲೆ ತೆರೆದ. ಎಲ್ಲೆಲ್ಲಿಯದೋ ಯಂತ್ರಗಳು ರಾತ್ರಿಯಿಡೀ ಸಾವಿರಾರು ಸಲ ನಮ್ಮ ಬಾಗಿಲು ಬಡಿದು, ಒಂದೊಂದೇ ಪಾಸ್‌ವರ್ಡ್ ಹೇಳಿ ನೋಡಿದ್ದವು. ಒಂದು ದಿನ ಹೊಕ್ಕೇಬಿಟ್ಟಿದ್ದವು. ನಮ್ಮ ಶಾಲೆಯ ಕರೆಂಟಿನಲ್ಲಿ ಯಾರೋ ಬಿಟ್‌ಕಾಯಿನ್ ಜಾತಿಯ ನಾಣ್ಯ ಸಂಪಾದಿಸುತ್ತಿದ್ದರು.

'ಎಂತ ಮಾರಾಯ, ಕಡಂಗ ಇತ್ತಲ್ಲ?' ಎಂದೆ.

'ಇತ್ತು ಮೇಡಂ. ಬಾಗಿಲು ನಾನು ತೆಗೆದೆ, ಕೀಲಿ ನೀವು ಕೊಟ್ಟಿರಿ' ಎಂದ. ಮುಖ ಸಣ್ಣದಾಗಿತ್ತು, ಪಾಪ.

ಹೀಗೆ ಒಮ್ಮೆ ಒಳಹೊಕ್ಕ ಯಂತ್ರವನ್ನು ನಂಬುವ ಹಾಗಿಲ್ಲ, ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು ಎಂದ. ಅದು ಸರಿಯೇ. 'ಮಕ್ಕಳ ಬರಹಗಳ ಪ್ರತಿ ಇದೆಯಾ?' ಎಂದು ಎರಡು ಸಲ ಕೇಳಿದ. ಪೆನ್‌ಡ್ರೈವಿನಲ್ಲಿದೆ ಎಂದವಳು ನಾನೇ. ಸಂಜೆ ಮನೆಯಲ್ಲಿ ತೆರೆದು ನೋಡಿದರೆ ಅದರಲ್ಲಿದ್ದದ್ದು ಒಂಬತ್ತು. ಅಜ್ಜನದು ಇರಲಿಲ್ಲ. ಅಜ್ಜನೂ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು.

ಆ ದಿನಗಳಲ್ಲಿ ನಾನು ಹತ್ತನೆಯ ತರಗತಿಗೆ 1834ರ ಪಾಠ ಮಾಡುವಾಗ ಧ್ವನಿ ಸ್ವಲ್ಪ ಬದಲಾಗಿದ್ದಿರಬೇಕು. ಇಂಗ್ಲಿಷರ ಸೈನ್ಯ ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಿಂದ ಬಂದ ತುಕಡಿಯನ್ನು ಕೊಡಗಿನವರು ತಡೆದು ಹೆಚ್ಚಿನ ಸಾವುನೋವು ಉಂಟುಮಾಡಿದರು. ಪಶ್ಚಿಮದ ಘಾಟಿಯಲ್ಲಿಯೂ ಬಿರುಸಿನ ಕಾಳಗವಾಯಿತು. ಆದರೆ ಚಿಕವೀರರಾಜೇಂದ್ರ ಸಂಧಿಗೆ ಮುಂದಾದ. ದಿವಾನ ಅಪ್ಪಾರಂಡ ಬೋಪು ತಾವೇ ಹೋಗಿ ಇಂಗ್ಲಿಷರನ್ನು ಮಡಿಕೇರಿಗೆ ಕರೆತಂದರು. ಏಪ್ರಿಲ್ 6ರಂದು ಕೋಟೆಯ ಮೇಲೆ ಅವರ ಬಾವುಟ ಏರಿತು. ಬೋಪು ಮಾಡಿದ್ದು ದ್ರೋಹವೆನ್ನುವವರಿದ್ದಾರೆ, ಜನ ಉಳಿಸಿದ ವಿವೇಕವೆನ್ನುವವರೂ ಇದ್ದಾರೆ. ಆ ಪಂಚಾಯಿತಿಕೆ ನನಗೆ ಬೇಡ. ಕಡಂಗ ಮುರಿದು ಬಂದವರಲ್ಲ ಎಂಬುದಷ್ಟೇ ನನ್ನ ಮಾತು.

ಲಿನಕ್ಸಿನ ಚರಿತ್ರೆಯಲ್ಲಿಯೂ ದೊಡ್ಡ ಗಾಯಗಳು ಹೊರಗಿನ ಏಟಿನಿಂದಲೇ ಆದವಲ್ಲ. 2006ರಲ್ಲಿ ಡೆಬಿಯನ್ನಿನವರೇ ಒಬ್ಬರು ಒಳ್ಳೆಯ ಉದ್ದೇಶದಿಂದ ಓಪನ್‌ಎಸ್‌ಎಸ್‌ಎಲ್ ಎಂಬ ಬೀಗದ ತಂತ್ರಾಂಶದಿಂದ ಬೇಡವೆಂದು ತೋರಿದ್ದನ್ನು ತೆಗೆದುಹಾಕಿದರು. 2008ರ ಮೇ ತಿಂಗಳಲ್ಲಿ ಗೊತ್ತಾದದ್ದೇನೆಂದರೆ, ಎಣಿಸಲಾರದಷ್ಟು ಬಗೆಯಲ್ಲಿ ಇರಬೇಕಾಗಿದ್ದ ಕೀಲಿಗಳು ಒಂದೊಂದು ಜಾತಿಯಲ್ಲಿ ಬರೀ 32,767 ಬಗೆಯಲ್ಲಿ ಮಾತ್ರ ಹುಟ್ಟುತ್ತಿದ್ದವು. ಎರಡು ವರ್ಷದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು. ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ತೂತು ಎರಡು ವರ್ಷದಿಂದ ಎಲ್ಲರ ಕಣ್ಣೆದುರೇ ಇತ್ತು.

ಎಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು 2024ರದು. ಎಕ್ಸ್‌ಝಡ್ ಎಂಬುದೊಂದು ಕಡತಗಳನ್ನು ಕುಗ್ಗಿಸಿಡುವ ಸಣ್ಣ ತಂತ್ರಾಂಶ. ಒಬ್ಬರೇ ಒಬ್ಬರು, ಸಂಬಳವಿಲ್ಲದೆ, ಬಿಡುವಿನಲ್ಲಿ ಅದನ್ನು ನೋಡಿಕೊಂಡು ದಣಿದಿದ್ದರು. ಸಹಾಯಕ್ಕೆಂದು ಒಬ್ಬ ಬಂದ. ಎರಡು ವರ್ಷಕ್ಕೂ ಮಿಕ್ಕಿ ಅಚ್ಚುಕಟ್ಟಾಗಿ ದುಡಿದು, ನಂಬಿಕೆ ಗಳಿಸಿ, ಜೊತೆ ಪಾರುಪತ್ಯಗಾರನಾಗಿ, ಕೊನೆಗೆ ಹೊಸ ಆವೃತ್ತಿಯೊಳಗೆ ಕಳ್ಳ ಬಾಗಿಲು ಇಟ್ಟ. ಮೊಹರು ಅಸಲಿಯೇ ಇತ್ತು! ಆಂಡ್ರೆಸ್ ಫ್ರೌಂಡ್ ಎಂಬ ಇಂಜಿನಿಯರು ತಮ್ಮ ಎಸ್‌ಎಸ್‌ಎಚ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ, ಮಾರ್ಚ್ 29ರಂದು ಅದನ್ನು ಜಗತ್ತಿಗೆ ತಿಳಿಸಿದರು. ಹೊಸದನ್ನು ಬೇಗನೆ ಉಣ್ಣುವ ಪರೀಕ್ಷಾ ಆವೃತ್ತಿಗಳಿಗೆ ಅದಾಗಲೇ ತಲುಪಿತ್ತು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ಅಲ್ಲಿ ಹೊಸ ಅಲಂಕಾರಗಳಿಗೆ ಪ್ರವೇಶವಿಲ್ಲ, ತೂತು ಮುಚ್ಚುವ ತೇಪೆಗಳಿಗೆ ಮಾತ್ರ. ಸೋಂಬೇರಿತನಕ್ಕೂ ಈ ನಿಧಾನಕ್ಕೂ ಇರುವ ವ್ಯತ್ಯಾಸ ನನಗೆ ಆಗ ಹೊಳೆಯಿತು. ನನ್ನದು ಮೊದಲನೆಯದಾಗಿತ್ತು.

ಈಗ ಲ್ಯಾಬಿನಲ್ಲಿ 2024ರ ಏಪ್ರಿಲ್‌ನ ಉಬುಂಟು ಇದೆ. ರಕ್ಷಣೆಯ ತೇಪೆಗಳನ್ನು ಅದು ತಾನಾಗಿ ತಂದುಕೊಳ್ಳುತ್ತದೆ. ರೂಟರಿನ ಬಾಗಿಲು ಮುಚ್ಚಿದೆ. ಯುಎಫ್‌ಡಬ್ಲ್ಯು ಎಚ್ಚರವಾಗಿದೆಯೇ ಎಂದು ಪ್ರತಿ ಸೋಮವಾರ ಹಾಜರಿ ಕರೆದ ಹಾಗೆ ಕೇಳುತ್ತೇನೆ. ಬರಹಗಳ ಪ್ರತಿ ಎರಡು ಕಡೆ ಇವೆ, ತೆರೆದು ನೋಡಿದ ಮೇಲೆಯೇ ಬೀರುವಿಗೆ ಹೋಗುತ್ತವೆ. ಹುಡುಗ ಫೋನು ಮಾಡಿದಾಗಲೆಲ್ಲ ಪಾಸ್‌ವರ್ಡ್ ವಿಷಯ ಕೇಳಿ ನಗುತ್ತಾನೆ.

ಅಜ್ಜನ ಬರಹ ಟೈಪು ಮಾಡಿದ್ದ ಹುಡುಗಿ ಈಗ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ಹುತ್ತರಿಗೆ ಊರಿಗೆ ಬಂದಿದ್ದಾಗ ಅವಳನ್ನು ತೋಟಕ್ಕೆ ಕರೆದುಕೊಂಡು ಹೋದೆ. ಮಟ್ಟಸ ನೆಲ ಸಿಕ್ಕಿತು. ಅಲ್ಲೀಗ ಒಳ್ಳೆಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳಿವೆ. ಬಾಗಿಲಿನ ಹೆಸರು ಏನೆಂದಿದ್ದರು ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿದಳು. 'ಮೂರು ಅಕ್ಷರದ ಹೆಸರು ಮೇಡಂ' ಎಂದಳು.